ಬಾಗಿಲು ಮುಚ್ಚುವ ಅಂಗಡಿ, ಬಾಗಿಲು ಮಾರುವ ಮನೆ

ಕಳೆದ ಮಾಗಿಯಲ್ಲಿ, ಅಡಿಕೆ ಸುಲಿತದ ಗಡಿಬಿಡಿ ಮುಗಿಯುತ್ತ ಬಂದಿದ್ದ ದಿನಗಳಲ್ಲಿ, ದಿನಪತ್ರಿಕೆಯ ಮಡಿಕೆಯೊಳಗಿನಿಂದ ಒಂದು ಹಳದಿ ಕರಪತ್ರ ಜಾರಿ ಬಿದ್ದಿತು. ದೊಡ್ಡ ಪೇಟೆಯಲ್ಲಿ ಮನೆ ಕಟ್ಟುವ ಸಾಮಗ್ರಿಗಳ ಭಾರೀ ಮಳಿಗೆಯೊಂದು ಮುಚ್ಚುತ್ತಿದೆ, ಇರುವ ಸರಕನ್ನೆಲ್ಲ ಶೇ. 50ರವರೆಗೆ ರಿಯಾಯಿತಿಯಲ್ಲಿ ಕೊಡಲಾಗುವುದು ಎಂಬುದು ಅದರ ಒಕ್ಕಣೆ. ಸಂಜೆಯೊಳಗೆ ಬಳ್ಳಿಗಾವಿಯಿಂದ ಶಿರಾಳಕೊಪ್ಪದವರೆಗೆ ಅದೇ ಮಾತು. ಮಗನ ಮದುವೆಗೆ ಮೊದಲು ಮನೆಯ ಹಿಂಭಾಗವನ್ನು ಸರಿಪಡಿಸಬೇಕೆಂದಿದ್ದ ನೆರೆಮನೆಯ ಹಿರಿಯರು ಬಂದು ಜಗಲಿಯ ಮೇಲೆ ಕುಳಿತರು. "ಡಾಕ್ಟ್ರೇ, ಬಾಗ್ಲು, ಬಣ್ಣ, ನಲ್ಲಿ ಎಲ್ಲ ಅರ್ಧ ರೇಟಿಗೆ ಕೊಡ್ತಾರಂತೆ. ನಾಳೆ ಪಿಕಪ್ ಮಾಡ್ಕೊಂಡು ಹೋಗಿ ಬರೋಣ, ನೀವೂ ಬನ್ನಿ" ಎಂದರು. ಬೆಳೆ ಮತ್ತು ಮಣ್ಣಿನ ವಿಷಯದಲ್ಲಿ ಪಡೆದ ಡಾಕ್ಟರೇಟ್ ಪದವಿ ನಲ್ಲಿ ಕೊಳ್ಳಲಿಕ್ಕೂ ಉಪಯೋಗಕ್ಕೆ ಬರುತ್ತದೆಂಬುದು ಅವರ ನಂಬಿಕೆ. ನಾನೂ ಹೋದೆ.

ಪರಿಸರದ ಪತ್ರಿಕೆಗೆ ಅಂಗಡಿ ಮುಚ್ಚುವ ವಿಷಯವೇಕೆ ಎಂದು ಓದುಗರು ಕೇಳಬಹುದು. ಮಲೆನಾಡಿನ ಮನೆಗಳು ಈಚಿನ ಇಪ್ಪತ್ತು ವರ್ಷಗಳಲ್ಲಿ ಬದಲಾಗಿರುವಷ್ಟು ಅದಕ್ಕೆ ಮೊದಲಿನ ಎರಡು ತಲೆಮಾರುಗಳಲ್ಲಿ ಬದಲಾಗಿರಲಿಲ್ಲ. ಮನೆ ಬದಲಾದಂತೆ ಕಾಡಿನೊಂದಿಗಿನ, ಕೆರೆಯ ಜೇಡಿಯೊಂದಿಗಿನ, ಬಡಗಿಯೊಂದಿಗಿನ ನಮ್ಮ ಸಂಬಂಧವೂ ಬದಲಾಗಿದೆ. ಆ ಬದಲಾವಣೆಯ ಲೆಕ್ಕಪತ್ರ ಇಂಥ ಅಗ್ಗದ ಮಾರಾಟದ ದಿನದಷ್ಟು ಸ್ಪಷ್ಟವಾಗಿ ಬೇರೆ ದಿನ ಕಾಣಿಸುವುದಿಲ್ಲ.

ಮೊದಲು ಮಳಿಗೆಯ ವಿಷಯ. ದೊಡ್ಡ ಅಂಗಡಿ ಮುಚ್ಚುವುದೂ ಒಂದು ವ್ಯಾಪಾರವೇ. ಅಮೆರಿಕದಲ್ಲಿ ಹೆಚಿಂಜರ್ ಎಂಬ, 1911ರಷ್ಟು ಹಳೆಯ ಸಾಮಗ್ರಿ ಮಳಿಗೆಗಳ ಸರಪಳಿ 1999ರಲ್ಲಿ ಮುಚ್ಚಿತು. ಆಸ್ಟ್ರೇಲಿಯದಲ್ಲಿ 2011ರಲ್ಲಿ ಆರಂಭವಾದ ಮಾಸ್ಟರ್ಸ್ ಮಳಿಗೆಗಳು ಐದೇ ವರ್ಷ ಬಾಳಿ 2016ರ ಡಿಸೆಂಬರಿನಲ್ಲಿ ಕದ ಹಾಕಿದವು. ಇಂಥ ಸಂದರ್ಭಗಳಲ್ಲಿ ಸರಕನ್ನು ಖಾಲಿ ಮಾಡಿಸುವುದನ್ನೇ ಕಸುಬಾಗಿಸಿಕೊಂಡ ಕಂಪನಿಗಳು ಅಲ್ಲಿವೆ. ಅವು ಬಂದ ಕೂಡಲೇ ನಿತ್ಯದ ರಿಯಾಯಿತಿಗಳನ್ನು ತೆಗೆದು ಬೆಲೆಯನ್ನು ಪೂರ್ಣ ಮಟ್ಟಕ್ಕೆ ಏರಿಸುವುದುಂಟು. ಅದರ ಮೇಲೆ ಮೊದಲ ವಾರ ಶೇ. 10, ಅನಂತರ 20, ಕೊನೆಗೆ 60–70 ಎಂದು ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತವೆ. ಒಳ್ಳೆಯ ಸರಕು ನಡುವಿನ ಮೆಟ್ಟಿಲಿನಲ್ಲೇ ಹೋಗಿಬಿಡುತ್ತದೆ. ಕೊನೆಯ ಮೆಟ್ಟಿಲಿಗೆ ಉಳಿಯುವುದು ಜೋಡಿ ತಪ್ಪಿದ್ದು, ಮೂಲೆ ಒಡೆದದ್ದು, ಹಳತಾದದ್ದು. ಸರಕು ಮುಗಿದ ಮೇಲೆ ಅದನ್ನು ಜೋಡಿಸಿಟ್ಟಿದ್ದ ಕಬ್ಬಿಣದ ಅಟ್ಟಣೆಗಳೂ ಏಣಿಗಳೂ ಬಿಕರಿಯಾಗುತ್ತವೆ. ನನ್ನ ಅನುಭವದಲ್ಲಿ ನಿಜವಾಗಿ ಅಗ್ಗವಾಗಿ ಸಿಗುವುದು ಇವೇ. ಆ ದಿನ ನಾನು ಕೊಂಡದ್ದೂ ಒಂದು ಕಬ್ಬಿಣದ ಅಟ್ಟಣೆಯನ್ನು ಮಾತ್ರ. ಈಗ ಅದರ ಮೇಲೆ ಬೀಜದ ಡಬ್ಬಿಗಳು ಇಲಿಯ ಕಾಟವಿಲ್ಲದೆ ಕುಳಿತಿವೆ.

ನಮ್ಮಲ್ಲಿ ಇನ್ನೊಂದು ತೊಡಕಿದೆ. ರಿಯಾಯಿತಿಯನ್ನು ಎಣಿಸುವುದು ಪೊಟ್ಟಣದ ಮೇಲೆ ಅಚ್ಚಾದ ಗರಿಷ್ಠ ಮಾರಾಟ ಬೆಲೆಯಿಂದ. ಪೈಪು, ಫಿಟಿಂಗು, ಪ್ಲೈವುಡ್‌ಗಳಿಗೆ ಆ ಬೆಲೆಯನ್ನು ಯಾರೂ ಯಾವ ಕಾಲದಲ್ಲೂ ಕೊಟ್ಟಿಲ್ಲ. ಶಿರಾಳಕೊಪ್ಪದ ಸಣ್ಣ ಹಾರ್ಡ್‌ವೇರ್ ಅಂಗಡಿಯವರು ಯಾವ ಕರಪತ್ರವನ್ನೂ ಹಂಚದೆ ದರಪಟ್ಟಿಯ ಮೇಲೆ ದಿನವೂ ಕಡಿತ ಕೊಡುತ್ತಾರೆ, ಅಡಿಕೆ ಮಾರಿದ ಮೇಲೆ ಕೊಡಿ ಎಂದು ಸಾಲವನ್ನೂ ಕೊಡುತ್ತಾರೆ. ಅವರ ಬೆಲೆಯನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದರಿಂದ ಒಂದು ವಿಷಯ ತಿಳಿಯಿತು: ಪಿಕಪ್ಪಿನ ಬಾಡಿಗೆ ಸೇರಿಸಿದರೆ ಪೈಪಿನಲ್ಲಿ ನಮಗೆ ಉಳಿಯುತ್ತಿದ್ದದ್ದು ಏನೂ ಇಲ್ಲ.

ಉಳಿದ ಸರಕಿನಲ್ಲಿ ಕಾಲದಿಂದ ಕೆಡುವುದು ಯಾವುದು, ಕೆಡದಿರುವುದು ಯಾವುದು ಎಂಬ ವಿವೇಚನೆ ಬೇಕು. ಪಿಂಗಾಣಿ, ನೆಲಹಾಸಿನ ಬಿಲ್ಲೆ, ಹಿತ್ತಾಳೆಯ ನಲ್ಲಿ, ತಿರುಪು, ಬಿಜಾಗರಿಗಳಿಗೆ ವಯಸ್ಸಿನ ಭಯವಿಲ್ಲ. ಬಿಲ್ಲೆಗಳನ್ನು ಕೊಳ್ಳುವಾಗ ಪೆಟ್ಟಿಗೆಯ ಮೇಲಿನ ಬ್ಯಾಚ್ ಸಂಖ್ಯೆ ಒಂದೇ ಆಗಿರಬೇಕು, ಹತ್ತರಲ್ಲೊಂದು ಪಾಲು ಹೆಚ್ಚಾಗಿ ತೆಗೆದುಕೊಳ್ಳಬೇಕು; ಮುಚ್ಚಿದ ಅಂಗಡಿಗೆ ಒಡೆದ ಬಿಲ್ಲೆಯ ಜೋಡಿ ಹುಡುಕಿಕೊಂಡು ಮತ್ತೆ ಹೋಗುವಂತಿಲ್ಲ. ಸಿಮೆಂಟಿನ ಕಥೆ ಬೇರೆ. ಅದು ಗಾಳಿಯ ತೇವವನ್ನು ಹೀರಿ ಚೀಲದೊಳಗೇ ಗಟ್ಟಿಯಾಗತೊಡಗುತ್ತದೆ. ಮೂರು ತಿಂಗಳಿಗೆ ಸುಮಾರು ಐದನೇ ಒಂದು ಭಾಗದಷ್ಟು ಬಲ ಕುಂದುತ್ತದೆಂಬುದು ಕಟ್ಟಡದ ಕಸುಬಿನವರು ಒಪ್ಪಿರುವ ಲೆಕ್ಕ. ನಮ್ಮ ಮಳೆಗಾಲದ ಥಂಡಿಯಲ್ಲಿ ಇನ್ನೂ ಬೇಗ. ತಯಾರಾದ ವಾರ ಮತ್ತು ವರ್ಷ ಚೀಲದ ಮೇಲೆಯೇ ಇರುತ್ತದೆ, ಓದಬೇಕು. ಬಿಸಿಲಿನಲ್ಲಿ ಬಹುಕಾಲ ಬಿದ್ದ ಪಿವಿಸಿ ಪೈಪು ಹೊರಗೆ ಚೆನ್ನಾಗಿಯೇ ಕಂಡರೂ ಪೆಟ್ಟಿಗೆ ಬೇಗ ಸೀಳುತ್ತದೆ. ಹನಿ ನೀರಾವರಿಯ ಕೊಳವೆಗಳನ್ನು ಬೆರಳಿಗೆ ಸುತ್ತಿ ನೋಡಿ ಕೊಳ್ಳಿ.

ಬಣ್ಣದ ಡಬ್ಬಿಗಳ ಬಗ್ಗೆ ವಿಶೇಷವಾಗಿ ಹೇಳಬೇಕು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸದ ಅಂಶ ದಶಲಕ್ಷಕ್ಕೆ 90 ಭಾಗಗಳನ್ನು ಮೀರಬಾರದೆಂಬ ನಿಯಮವನ್ನು ಕೇಂದ್ರ ಸರ್ಕಾರ 2016ರಲ್ಲಿ ಮಾಡಿತು. ಅದು ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೆ ಮೊದಲಿನ ಹಳದಿ, ಕೆಂಪು, ಹಸಿರು ಎನಾಮೆಲ್ ಬಣ್ಣಗಳಲ್ಲಿ ಸೀಸ ಇದರ ಅನೇಕ ಪಟ್ಟು ಇರುತ್ತಿದ್ದುದುಂಟು. ಉಗ್ರಾಣದ ಮೂಲೆಯಲ್ಲಿ ಉಳಿದ ಡಬ್ಬಿಗಳಿಗೆ ಇಂಥ ಮಾರಾಟಗಳಲ್ಲಿ ಬಿಡುಗಡೆ ಸಿಗುತ್ತದೆ. ತೊಟ್ಟಿಲಿಗೋ ಅಂಗನವಾಡಿಯ ಕಿಟಕಿಗೋ ಅದನ್ನು ಬಳಿದರೆ, ಚಕ್ಕೆಯೆದ್ದ ಬಣ್ಣ ಮಗುವಿನ ಬಾಯಿಗೆ ಹೋಗುತ್ತದೆ. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೆ ಮಾರಕ. ಹಾಗೆಯೇ ಕಲ್ನಾರಿನ ತಗಡು. ಕಲ್ನಾರಿನ ಎಳೆ ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವೆಂಬುದರಲ್ಲಿ ಅನುಮಾನ ಉಳಿದಿಲ್ಲ. ಅನೇಕ ದೇಶಗಳು ಅದನ್ನು ಪೂರ್ತಿಯಾಗಿ ನಿಷೇಧಿಸಿವೆ, ನಮ್ಮಲ್ಲಿ ಬಿಳಿ ಕಲ್ನಾರಿನ ಬಳಕೆ ನಿಂತಿಲ್ಲ. ಕೊಟ್ಟಿಗೆಯ ಮಾಡಿಗೆಂದು ಹಳೆಯ ತಗಡನ್ನು ಪುಕ್ಕಟೆ ಕೊಟ್ಟರೂ ತರಬೇಡಿ, ತಂದಿದ್ದರೆ ಗರಗಸ ಹಾಕಿ ಕೊಯ್ಯಬೇಡಿ.

"ಮಾರಿದ ವಸ್ತುವನ್ನು ವಾಪಸು ಪಡೆಯುವುದಿಲ್ಲ" ಎಂದು ಆ ಮಳಿಗೆಯ ಗೋಡೆಯ ಮೇಲೆಲ್ಲ ಅಂಟಿಸಿದ್ದರು. ಕೆಲಸದ ಹುಡುಗನೊಬ್ಬ, ತಿಂಗಳ ಕೊನೆಗೆ ತನ್ನ ನೌಕರಿಯೂ ಹೋಗುವುದೆಂದು ತಿಳಿದವನು, ಅದನ್ನೇ ಮೆಲ್ಲಗೆ ಹೇಳಿದ: "ಸರ್, ಇಲ್ಲೇ ಬಿಚ್ಚಿ ನೋಡಿ ತಗೊಳ್ಳಿ. ಆಮೇಲೆ ನಾವ್ಯಾರೂ ಇರಲ್ಲ." ದೋಷವಿರುವ ವಸ್ತುವನ್ನು ನಿಗದಿತ ಅವಧಿಯಲ್ಲಿ, ಅವಧಿ ಹೇಳಿರದಿದ್ದರೆ 30 ದಿನಗಳೊಳಗೆ, ಹಿಂತೆಗೆದುಕೊಳ್ಳಲು ನಿರಾಕರಿಸುವುದು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ರಸೀದಿ ಕೊಡದಿರುವುದೂ ಅಷ್ಟೇ. ಆದರೆ ಅಂಗಡಿಯೇ ಇಲ್ಲವಾದ ಮೇಲೆ ಕಾಯಿದೆಯನ್ನು ಯಾರ ಮುಂದೆ ಹಿಡಿಯುವುದು? ತಯಾರಕ ಕಂಪನಿಯನ್ನು ಕೇಳಬಹುದು, ಅದಕ್ಕೂ ರಸೀದಿ ಬೇಕು. ಹುಡುಗ ಹೇಳಿದ್ದೇ ಸರಿಯಾದ ಸಲಹೆ.

ನೆರೆಮನೆಯವರು ನಾಲ್ಕು ಬಾಗಿಲುಗಳನ್ನು ಕೊಂಡರು. ನುಣುಪಾದ, ಮರದ ಗೆರೆಗಳಂತೆ ಕಾಣುವ ಹಾಳೆ ಮೆತ್ತಿದ ಬಾಗಿಲುಗಳು. ಬೆಲೆ ನಿಜಕ್ಕೂ ಕಡಿಮೆಯಿತ್ತು, ನಾನೂ ಬೇಡವೆನ್ನಲಿಲ್ಲ. ಬಚ್ಚಲಿನ ಬಾಗಿಲಿಗೆ ಒಳಗಿನ ಅಂಟು ನೀರು ತಡೆಯುವ ದರ್ಜೆಯದೇ ಎಂದು ನೋಡಬೇಕಿತ್ತು, ನಾನೂ ನೋಡಲಿಲ್ಲ. ಜುಲೈ ಕೊನೆಗೆ ಬಚ್ಚಲಿನ ಬಾಗಿಲಿನ ಅಡಿಭಾಗ ಹೂವಿನ ಎಸಳಿನಂತೆ ಪದರ ಬಿಟ್ಟಿತು.

ಇದಿಷ್ಟೇ ಆಗಿದ್ದರೆ ಈ ಲೇಖನದ ಅಗತ್ಯವಿರಲಿಲ್ಲ. ಆ ನಾಲ್ಕು ಬಾಗಿಲುಗಳಿಗೆ ಹಣ ಎಲ್ಲಿಂದ ಬಂದಿತು ಎಂಬುದು ನನಗೆ ತಿಳಿದದ್ದು ಹಿಂತಿರುಗುವ ದಾರಿಯಲ್ಲಿ. ಹಿಂಭಾಗವನ್ನು ಕೆಡವಿದಾಗ ಹೊರಬಿದ್ದ ಆರು ಕಂಬಗಳು, ಒಂದು ಕೆತ್ತನೆಯ ದಾರಂದ, ಎರಡು ಹಲಗೆಯ ಬಾಗಿಲುಗಳು, ಅಟ್ಟದ ತೊಲೆಗಳು, ಇವಿಷ್ಟನ್ನೂ ವಾರದ ಹಿಂದೆ ಲಾರಿ ತಂದ ವ್ಯಾಪಾರಿಯೊಬ್ಬನಿಗೆ ಒಟ್ಟು 22 ಸಾವಿರ ರೂಪಾಯಿಗೆ ಕೊಟ್ಟಿದ್ದರು. "ಹಳೇ ಮರ ಅಲ್ವ, ಕುಟ್ಟೆ ಹಿಡಿದಿತ್ತು" ಎಂದರು. ಆ ಕಂಬಗಳನ್ನು ನಾನು ಬಲ್ಲೆ. ಕುಟ್ಟೆ ಹಿಡಿದಿದ್ದದ್ದು ಹೊರಗಿನ ಬಿಳಿ ಭಾಗಕ್ಕೆ. ಒಳಗಿನ ಚೇಗು ಕಬ್ಬಿಣದಂತಿತ್ತು. ಹೊನ್ನೆ ಮತ್ತು ಹಲಸಿನ ಮರ, ಅವರ ಅಜ್ಜನ ಕಾಲದ್ದು. ಮುಂದೆ ಬೆಂಗಳೂರಿಗೆ ಹೋದಾಗ ಹಳೆಯ ಮರಮುಟ್ಟು ಮಾರುವ ಅಂಗಡಿಯೊಂದರಲ್ಲಿ ಅಂಥದೇ ಒಂದು ಕಂಬದ ಬೆಲೆ ವಿಚಾರಿಸಿದೆ. ಒಂದಕ್ಕೇ 40 ಸಾವಿರ ಎಂದರು. ಚೌಕಾಸಿಗೆ ಆಸ್ಪದವಿಲ್ಲವೆಂದೂ ಹೇಳಿದರು.

ಅಂದರೆ ಒಂದೇ ತಿಂಗಳಿನಲ್ಲಿ ಆ ಮನೆ ಎರಡು ಅಗ್ಗದ ಮಾರಾಟಗಳಲ್ಲಿ ಭಾಗವಹಿಸಿತು. ಒಂದರಲ್ಲಿ ಅವರು ಗಿರಾಕಿ, ಇನ್ನೊಂದರಲ್ಲಿ ಅವರೇ ಮುಚ್ಚುತ್ತಿರುವ ಅಂಗಡಿ.

ಮಲೆನಾಡಿಗೆ ಇದು ಹೊಸದಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಕಣಿವೆಯಲ್ಲಿ ಸುಮಾರು 300 ಚದರ ಕಿಲೋಮೀಟರ್ ನೆಲ ನೀರಿನಡಿ ಸೇರಿದಾಗ, ಮನೆ ಬಿಟ್ಟವರು ಹಂಚು, ತೊಲೆ, ಬಾಗಿಲುಗಳನ್ನು ಕಿತ್ತು ಸಾಗಿಸಬಲ್ಲಷ್ಟನ್ನು ಸಾಗಿಸಿದರು. ಸಾಗಿಸಲಾರದ್ದು ಸಿಕ್ಕ ಬೆಲೆಗೆ ಹೋಯಿತು, ಇಲ್ಲವೆ ಮುಳುಗಿತು. ಅಂದಿನವರಿಗೆ ನೀರು ಬೆನ್ನಟ್ಟಿತ್ತು. ಇಂದು ಯಾವ ನೀರೂ ಏರುತ್ತಿಲ್ಲ. ಹಿಸ್ಸೆ, ಮದುವೆ, ಮಕ್ಕಳು ಪೇಟೆ ಸೇರಿದ ಮೇಲಿನ ಖಾಲಿ ಮನೆ, ಹಳತೆಂದರೆ ಬಡತನ ಎಂಬ ಸಂಕೋಚ, ಇವು ಸಾಕಾಗಿವೆ.

ಮುಚ್ಚುವ ಕಾರ್ಖಾನೆಯಿಂದ ನಿಜವಾದ ಲಾಭ ದೊರೆಯುವ ಉದಾಹರಣೆಯೂ ನಮ್ಮ ರಾಜ್ಯದಲ್ಲೇ ಇದೆ. ಮಂಗಳೂರು ಹಂಚಿನ ವಿಷಯ ಹೇಳುತ್ತಿದ್ದೇನೆ. ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಮೊದಲ ಹಂಚಿನ ಕಾರ್ಖಾನೆಯನ್ನು ತೆರೆದ. ನೇತ್ರಾವತಿಯ ದಡದ ಜೇಡಿ, ಘಟ್ಟದ ಕಟ್ಟಿಗೆ, ಬಂದರಿನ ಸೌಕರ್ಯ ಮೂರೂ ಕೂಡಿಬಂದು ಆ ಹಂಚು ದೇಶಾಂತರ ಹೋಯಿತು. ಹುಲ್ಲು, ಸೋಗೆ, ನಾಡಹಂಚುಗಳ ಮಲೆನಾಡನ್ನು ಅದು ಕ್ರಮೇಣ ಕೆಂಪಾಗಿಸಿತು. ಮೊದಲ ಮಹಾಯುದ್ಧದ ಕಾಲದಲ್ಲಿ ಮಿಷನ್ನಿನ ಕಾರ್ಖಾನೆಗಳು ಕೈಬದಲಾಗಿ ಕಾಮನ್‌ವೆಲ್ತ್ ಟ್ರಸ್ಟಿಗೆ ಹೋದವು. ಅಷ್ಟರಲ್ಲಿ ಸ್ಥಳೀಯರ ಕಾರ್ಖಾನೆಗಳೂ ಬೆಳೆದಿದ್ದವು. ಆಮೇಲೆ ಕಾಂಕ್ರೀಟ್ ತಾರಸಿ ಬಂದಿತು, ಜೇಡಿ ತೆಗೆಯುವುದು ಕಷ್ಟವಾಯಿತು, ಕಟ್ಟಿಗೆ ದುಬಾರಿಯಾಯಿತು, ಹೊಗೆಗೊಳವೆ ನಿಂತಿದ್ದ ನೆಲದ ಬೆಲೆ ಹಂಚಿನ ವ್ಯಾಪಾರಕ್ಕಿಂತ ದೊಡ್ಡದಾಯಿತು. ಒಂದೊಂದಾಗಿ ಅನೇಕ ಕಾರ್ಖಾನೆಗಳು ಮುಚ್ಚಿದವು. ಹಳೆಯ ದಾಸ್ತಾನೂ, ತಾರಸಿ ಹಾಕಿಸಿದವರು ಇಳಿಸಿದ ಹಂಚೂ ಇಂದಿಗೂ ಘಟ್ಟದ ಮೇಲೂ ಕೆಳಗೂ ಹೊಸದರ ಬೆಲೆಯ ಒಂದು ಪಾಲಿಗೆ ಸಿಗುತ್ತವೆ.

ಹಳೆಯ ಹಂಚನ್ನು ಆರಿಸುವುದು ಸುಲಭ. ಎಡಗೈಯಲ್ಲಿ ತೂಗುಹಾಕಿ ಬೆರಳ ಗೆಣ್ಣಿನಿಂದ ಬಡಿಯಿರಿ. ಲೋಹದಂತೆ ಟಣ್ಣೆಂದರೆ ಗಟ್ಟಿ, ಬೊದ್ದು ಸದ್ದು ಬಂದರೆ ಒಳಗೆ ಬಿರುಕು. ಒಂದೆರಡು ಹಂಚುಗಳನ್ನು ತೂಗಿ, ಇಡೀ ರಾತ್ರಿ ನೀರಿನಲ್ಲಿ ಮುಳುಗಿಸಿಟ್ಟು ಮತ್ತೆ ತೂಗಿರಿ; ಐದನೇ ಒಂದು ಭಾಗಕ್ಕಿಂತ ಹೆಚ್ಚು ಭಾರವಾಗಿದ್ದರೆ ಅಂಥವನ್ನು ಕೊಟ್ಟಿಗೆಗೆ ಮೀಸಲಿಡಿ. ಅಡಿಯ ಗೂಟಗಳು ಮುರಿದಿರಬಾರದು, ಇಲ್ಲವಾದರೆ ರೀಪಿನ ಮೇಲೆ ನಿಲ್ಲುವುದಿಲ್ಲ. ಒಂದು ಚದರ ಮೀಟರಿಗೆ ಸುಮಾರು 15 ಹಂಚು ಬೇಕು. ಬೇರೆ ಬೇರೆ ಕಾರ್ಖಾನೆಯ ಹಂಚುಗಳು ಒಂದಕ್ಕೊಂದು ಸರಿಯಾಗಿ ಕಚ್ಚುವುದಿಲ್ಲವಾದ್ದರಿಂದ ಹೆಸರು ನೋಡಿ ಜೋಡಿಸಿ. ಹಂಚಿನ ಮೇಲೆ 1865 ಎಂದು ಅಚ್ಚೊತ್ತಿರುವುದನ್ನು ತೋರಿಸಿ ಹೆಚ್ಚು ಬೆಲೆ ಕೇಳುವವರಿದ್ದಾರೆ. ಅದು ಕಾರ್ಖಾನೆ ಹುಟ್ಟಿದ ವರ್ಷ, ಹಂಚು ಬೆಂದ ವರ್ಷವಲ್ಲ. ಈ ಹಂಚನ್ನು ಬೇಯಿಸಿದ ಕಟ್ಟಿಗೆ ಎಂದೋ ಉರಿದು ಹೋಗಿದೆ. ಅದರ ಸಾಲವನ್ನು ಕಾಡು ಆಗಲೇ ತೀರಿಸಿರುವಾಗ, ಇನ್ನೂ ಐವತ್ತು ವರ್ಷ ಬಾಳುವ ಹಂಚನ್ನು ರಸ್ತೆಯ ಗುಂಡಿಗೆ ಸುರಿದು, ಪ್ರತಿ ಟನ್ನಿಗೆ ಅರ್ಧ ಟನ್ನಿಗೂ ಮಿಕ್ಕಿ ಇಂಗಾಲದ ಡೈಆಕ್ಸೈಡ್ ಉಗುಳುವ ಸಿಮೆಂಟಿನಿಂದ ತಾರಸಿ ಎರೆಯುವುದು ನನಗೆ ಎಂದೂ ಒಪ್ಪಿಗೆಯಾಗಿಲ್ಲ.

ಮರಮುಟ್ಟಿಗೂ ಇದೇ ಮಾತು ಸಲ್ಲುತ್ತದೆ. ಮಣಿಪಾಲದ ವಿಜಯನಾಥ ಶೆಣೈಯವರು ಕೆಡವುತ್ತಿದ್ದ ಮನೆಗಳ ಕಂಬ, ಕಿಟಕಿ, ಬಾಗಿಲುಗಳನ್ನು ಕೂಡಿಸುತ್ತ ಹೋಗಿ ಮೊದಲು ತಮ್ಮ ಸ್ವಂತ ಮನೆಯನ್ನು ಕಟ್ಟಿದರು, ಅನಂತರ ಇಡಿಯ ಮನೆಗಳನ್ನೇ ಬಿಚ್ಚಿ ತಂದು ಮತ್ತೆ ನಿಲ್ಲಿಸಿದರು. ಅವರು 2017ರಲ್ಲಿ ತೀರಿಕೊಂಡರು. ಆ ಮನೆಗಳ ಸಂಗ್ರಹ ಮಣಿಪಾಲದಲ್ಲಿ ನಿಂತಿದೆ. ನಮಗೆ ವಸ್ತುಸಂಗ್ರಹಾಲಯ ಬೇಕಾಗಿಲ್ಲ. ಊರಿನ ಒಂದು ಮನೆಯಲ್ಲಿ ಬೇಡವಾದ ತೊಲೆ ಊರಿನ ಇನ್ನೊಂದು ಮನೆಯಲ್ಲಿ ಏರಿದರೆ ಸಾಕು. ಸೊರಬ ಮತ್ತು ಸಾಗರದ ಗುಡಿಗಾರರು ಗಂಧ, ಶಿವನಿ ಮರಗಳಲ್ಲಿ ಕೆತ್ತುವ ಕೈಗಳೆಂದು ಹೆಸರಾದವರು. ಮುರಿದ ದಾರಂದವನ್ನು ಕೂಡಿಸಬಲ್ಲ ಕೈ ಇಪ್ಪತ್ತು ಮೈಲಿಯೊಳಗಿರುವಾಗ ನಾವು ಅದನ್ನು ಸೌದೆಯ ಬೆಲೆಗೆ ಲಾರಿಗೆ ಹಾಕುತ್ತಿದ್ದೇವೆ. ಹಳೆಯ ಮರವೆಂದು ರಹದಾರಿಯ ವಿಷಯವನ್ನು ಅಲಕ್ಷಿಸಬಾರದು. ಬೀಟೆ, ತೇಗಗಳನ್ನು ಊರಿಂದೂರಿಗೆ ಸಾಗಿಸುವ ಮುನ್ನ ವಲಯ ಅರಣ್ಯಾಧಿಕಾರಿಗಳ ಕಛೇರಿಯಲ್ಲಿ ವಿಚಾರಿಸಿ, ಎಲ್ಲಿಂದ ಕಿತ್ತದ್ದೆಂಬುದರ ಫೋಟೋ ಮತ್ತು ಮನೆಯ ಖಾತೆಯ ಪ್ರತಿ ಇಟ್ಟುಕೊಳ್ಳುವುದು ಕ್ಷೇಮ.

ಬಳ್ಳಿಗಾವಿಯವರಾಗಿ ಇನ್ನೊಂದು ಮಾತನ್ನು ಸೇರಿಸಲೇಬೇಕು. ಚಾಲುಕ್ಯರ ಕಾಲದ ಮಹಾನಗರದ ಮೇಲೆ ಕುಳಿತ ಹಳ್ಳಿ ನಮ್ಮದು. ಕೇದಾರೇಶ್ವರ, ತ್ರಿಪುರಾಂತಕೇಶ್ವರ ಗುಡಿಗಳೂ, 1047ರ ಭೇರುಂಡ ಕಂಬವೂ ಇಲಾಖೆಯ ಬೇಲಿಯೊಳಗಿವೆ. ಹಿತ್ತಲು ಅಗೆದಾಗ ಸಿಗುವ ಕೆತ್ತಿದ ಕಲ್ಲುಗಳಿಗೆ ಬೇಲಿಯಿಲ್ಲ. ಹಿಂದಿನವರು ಅವನ್ನು ಮೆಟ್ಟಿಲಿಗೋ ಒಡ್ಡಿಗೋ ಹಾಕಿಕೊಂಡರು, ಊರಲ್ಲೇ ಉಳಿದವು. ಈಗ ಮರದ ಕಂಬ ಕೇಳಲು ಬರುವವರು ಜಗಲಿಯ ಅಂಚಿನ ಕಲ್ಲನ್ನೂ ಕಣ್ಣಿನಲ್ಲೇ ಅಳೆಯುತ್ತಾರೆ. 1972ರ ಪುರಾತನ ವಸ್ತುಗಳ ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ಶಿಲ್ಪವಷ್ಟೇ ಅಲ್ಲ, ಕಟ್ಟಡದಿಂದ ಕಿತ್ತ ವಸ್ತುವೂ ಪುರಾತನ ವಸ್ತುವೇ; ಪರವಾನಗಿಯಿಲ್ಲದೆ ಅದರ ವ್ಯಾಪಾರ ನಡೆಸುವುದು ಅಪರಾಧ. ಅಜ್ಜನ ಅಜ್ಜ ನಿಲ್ಲಿಸಿದ ಕೆತ್ತನೆಯ ಕಂಬಗಳಿಗೂ ಈ ಮಾತು ಅನ್ವಯಿಸಬಹುದು. ವ್ಯಾಪಾರಿ ರಸೀದಿ ಕೊಡದೆ ನಗದು ಎಣಿಸುವುದಕ್ಕೆ ಇದೂ ಒಂದು ಕಾರಣವಿರಬೇಕು.

ಹಣದ ತುರ್ತಿನಲ್ಲಿರುವವರಿಗೆ ಮಾರಬೇಡಿ ಎನ್ನುವ ಅಧಿಕಾರ ನನಗಿಲ್ಲ. ನೆರೆಮನೆಯವರಿಗೆ ಮದುವೆಯ ದಿನ ಗೊತ್ತಾಗಿತ್ತು, ಕಾಯುವ ವ್ಯವಧಾನವಿರಲಿಲ್ಲ. ಅವರ ಮನೆಯ ಮರ ಬಿದ್ದಿದೆಯೆಂದು ಮೂರೇ ಮನೆಯಾಚೆ ಕೊಟ್ಟಿಗೆ ಕಟ್ಟುತ್ತಿದ್ದವರಿಗೆ ಗೊತ್ತಿರಲಿಲ್ಲ, ಆ ವ್ಯಾಪಾರಿಗೆ ಗೊತ್ತಿತ್ತು. ಈ ಒಂದು ಕೊರತೆಯನ್ನಾದರೂ ನಾವು ತುಂಬಬಹುದು. ಮುಂದಿನ ಸಂಚಿಕೆಯಿಂದ ಈ ಪತ್ರಿಕೆಯ ಕೊನೆಯ ಪುಟವನ್ನು ಶಿಕಾರಿಪುರ, ಸೊರಬ ತಾಲ್ಲೂಕುಗಳ ಹಳೆಯ ಸಾಮಗ್ರಿಗಳ ಪಟ್ಟಿಗೆ ಬಿಟ್ಟುಕೊಡುತ್ತಿದ್ದೇವೆ. ಮನೆ ಬಿಚ್ಚುವ ಒಂದು ತಿಂಗಳು ಮೊದಲೇ ಬರೆದು ಕಳಿಸಿ: ಯಾವ ಮರ, ಎಷ್ಟು ಉದ್ದ, ಎಷ್ಟು ದಪ್ಪ, ಹಂಚಾದರೆ ಯಾವ ಹೆಸರಿನದು, ಎಷ್ಟು ನೂರು, ನಿರೀಕ್ಷೆಯ ಬೆಲೆ ಎಷ್ಟು. ಬರೆಯಲು ಬಾರದ ಹಿರಿಯರಿದ್ದರೆ ಅಳತೆ ತೆಗೆದು ಬರೆದುಕೊಡುವ ಕೆಲಸವನ್ನು ಕಾಲೇಜಿನ ವಿದ್ಯಾರ್ಥಿಗಳು ವಹಿಸಿಕೊಳ್ಳಬೇಕು. ಮರದ ಗುರುತು ಹಿಡಿಯುವುದನ್ನು ಅವರಿಗೆ ಬಡಗಿಗಳೇ ಕಲಿಸುತ್ತಾರೆ. ಕೆತ್ತಿದ ಕಲ್ಲುಗಳನ್ನು ಪಟ್ಟಿಗೆ ಸೇರಿಸುವುದಿಲ್ಲ. ಮೊದಲ ಪಟ್ಟಿಗೆ ಈಗಾಗಲೇ ಎರಡು ಮನೆಗಳ ವಿವರ ಬಂದಿದೆ: ಮತ್ತಿಯ ತೊಲೆ ಒಂಬತ್ತು, ಹಲಸಿನ ಬಾಗಿಲು ಮೂರು, ಹಂಚು ಸುಮಾರು ಎರಡು ಸಾವಿರ. ನೆರೆಮನೆಯವರು ತಮ್ಮ ಬಚ್ಚಲಿಗೆ ಆ ಮೂರರಲ್ಲಿ ಒಂದು ಬಾಗಿಲನ್ನು ಕೇಳಿಟ್ಟಿದ್ದಾರೆ.